ಎಂಜಿನ್ ಸದ್ದಿಗೆ ಓಡಿ ಬರುವ ಮಗು

ಕೂತು ಓಡಿಸುವ ಹುಲ್ಲು ಕತ್ತರಿಸುವ ಟ್ರ್ಯಾಕ್ಟರಿನ ಕೈಪಿಡಿಯನ್ನು ಯಾರಾದರೂ ಪೂರ್ತಿ ಓದುತ್ತಾರೋ ಇಲ್ಲವೋ, ನಾನಂತೂ ಪೆನ್ಸಿಲ್ ಹಿಡಿದುಕೊಂಡು ಓದಿದ್ದೇನೆ. ಪಿಎಚ್.ಡಿ. ಮಾಡುವವರಿಗೆ ತಮ್ಮ ಥೀಸಿಸ್ ಒಂದನ್ನು ಬಿಟ್ಟು ಮಿಕ್ಕೆಲ್ಲವನ್ನೂ ಶ್ರದ್ಧೆಯಿಂದ ಓದುವ ಚಟವಿರುತ್ತದೆ. ಆ ಪುಸ್ತಕದಲ್ಲಿ ಹುಲ್ಲಿನ ಮಾತು ಬರುವುದು ಬಹಳ ತಡವಾಗಿ. ಮೊದಲ ಪುಟಗಳ ತುಂಬ ಚಿತ್ರಗಳು: ಬ್ಲೇಡಿಗೆ ಸಿಕ್ಕ ಪಾದ, ಇಳಿಜಾರಿನಲ್ಲಿ ಮಗುಚಿದ ಗಾಡಿಯಡಿ ಮನುಷ್ಯ, ಹಿಂದಕ್ಕೆ ಬರುತ್ತಿರುವ ಚಕ್ರದ ಬೆನ್ನಿಗೆ ಒಂದು ಪುಟ್ಟ ಆಕೃತಿ. ಮುಖವಿಲ್ಲದ ಆ ಕಪ್ಪು ಮನುಷ್ಯರನ್ನು ನೋಡುತ್ತಿದ್ದರೆ ನನಗೆ ಊರಿನ ಮನೆಗಳ ಪಡಸಾಲೆಯಲ್ಲಿ ತೂಗುಹಾಕಿರುತ್ತಿದ್ದ ಯಮಲೋಕದ ಶಿಕ್ಷೆಗಳ ಪಟ ನೆನಪಾಯಿತು. ಎಣ್ಣೆ ಕೊಪ್ಪರಿಗೆಯೊಂದೇ ಕಡಿಮೆ.

ನಾನಿರುವುದು ಅಮೆರಿಕದ ಅಯೋವಾದಲ್ಲಿ. ಹಾವೇರಿ ಕಡೆಯವಳಾದ ನನಗೆ ಇಲ್ಲಿನ ನೆಲ ಅಷ್ಟೇನೂ ಅಪರಿಚಿತವಲ್ಲ, ಎರಡೂ ಕಡೆ ಕಣ್ಣು ಹಾಯಿಸಿದಷ್ಟು ಮೆಕ್ಕೆಜೋಳ. ಅಪರಿಚಿತವಾದದ್ದು ಅಂಗಳ. ಹೊಲದಲ್ಲಿ ಹುಲ್ಲು ಬೆಳೆದರೆ ಕಳೆ, ಅಂಗಳದಲ್ಲಿ ಬೆಳೆಯದಿದ್ದರೆ ಅವಮಾನ. ಬೆಳೆಯಬೇಕು, ಆದರೆ ಎತ್ತರವಾಗಬಾರದು. ಅನೇಕ ಊರುಗಳಲ್ಲಿ ಇಂತಿಷ್ಟು ಇಂಚು ದಾಟಿದರೆ ಮನೆ ಬಾಗಿಲಿಗೆ ನೋಟಿಸು ಬರುತ್ತದೆ. ಹೀಗಾಗಿ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಪ್ರತಿ ಶನಿವಾರ ಬೆಳಿಗ್ಗೆ ಓಣಿಯ ತುಂಬ ಎಂಜಿನ್ ಸದ್ದು. ದನವಿಲ್ಲದ ಊರಿನಲ್ಲಿ ಇಷ್ಟೊಂದು ಹುಲ್ಲು ಕೊಯ್ಯುವುದನ್ನು ಕೇಳಿ ಅಪ್ಪ ಫೋನಿನಲ್ಲೇ ನಿಟ್ಟುಸಿರು ಬಿಟ್ಟಿದ್ದ.

ಈ ಯಂತ್ರದ ಮುತ್ತಜ್ಜ ಹುಟ್ಟಿದ್ದು ಇಂಗ್ಲೆಂಡಿನಲ್ಲಿ. ಬಟ್ಟೆ ಗಿರಣಿಯಲ್ಲಿ ಉಣ್ಣೆಯ ಬಟ್ಟೆಯ ಮೇಲಿನ ಎಳೆಗಳನ್ನು ಸಮ ಮಾಡುವ ಯಂತ್ರವನ್ನು ನೋಡಿ ಎಡ್ವಿನ್ ಬಡಿಂಗ್ ಎಂಬಾತ 1830ರಲ್ಲಿ ಹುಲ್ಲಿಗೂ ಒಂದು ಯಂತ್ರ ಮಾಡಿದ. ನಮ್ಮ ಕಡೆ ದೊಡ್ಡ ಟ್ರ್ಯಾಕ್ಟರಿನಿಂದ ಪರಿಚಿತವಾದ ಜಾನ್ ಡೀರ್ ಕಂಪನಿ 1963ರಲ್ಲಿ 110 ಎಂಬ ಪುಟ್ಟ ಟ್ರ್ಯಾಕ್ಟರನ್ನು ಮನೆ ಅಂಗಳಕ್ಕೆಂದೇ ತಂದಿತು. ಈಗಿನವೂ ಹೆಚ್ಚುಕಡಿಮೆ ಅದೇ ರೂಪದವು. ಬಾನೆಟ್ಟು, ಸ್ಟೇರಿಂಗು, ಸೀಟು ಎಲ್ಲ ಇದ್ದು ನೋಡಲು ಜಾತ್ರೆಯ ಆಟಿಕೆಯಂತಿರುತ್ತವೆ. ಹೊಟ್ಟೆಯಡಿ ಮಾತ್ರ ಬೋರಲು ಹಾಕಿದ ತಗಡಿನ ಪರಾತದಂಥ ಒಂದು ಡೆಕ್ಕು, ಅದರೊಳಗೆ ಎರಡೋ ಮೂರೋ ಬ್ಲೇಡು. ಬ್ಲೇಡಿನ ತುದಿಯ ವೇಗ ನಿಮಿಷಕ್ಕೆ 19,000 ಅಡಿ ಮೀರಬಾರದು ಎಂದು ಇಲ್ಲಿನ ಸುರಕ್ಷತಾ ಮಾನದಂಡ ಹೇಳುತ್ತದೆ. ಲೆಕ್ಕ ಹಾಕಿದರೆ ಗಂಟೆಗೆ ಸುಮಾರು 350 ಕಿಲೋಮೀಟರ್. ಅಡಿಕೆ ಗಾತ್ರದ ಒಂದು ಕಲ್ಲು ಅದಕ್ಕೆ ಸಿಕ್ಕರೆ ಏನಾಗುತ್ತದೆಂದು ಆಮೇಲೆ ಯಾರೂ ಹೇಳಿಕೊಡಬೇಕಾಗಿಲ್ಲ.

ನಾನು ಬಾಡಿಗೆಗಿರುವ ಮನೆಯ ಒಡತಿಗೆ 78 ವರ್ಷ. ಇಲ್ಲಿ ಅವರನ್ನು ಹೆಸರು ಹಿಡಿದೇ ಕರೆಯಬೇಕು, ನನ್ನ ನಾಲಿಗೆ ಒಪ್ಪದು. ಇಲ್ಲಿ ಅಜ್ಜಿ ಅಂತಲೇ ಬರೆಯುತ್ತೇನೆ. ಅವರ ಯಜಮಾನರು ತೀರಿಕೊಂಡ ಮೇಲೆ ಬಂದ ಮೊದಲ ವಸಂತದಲ್ಲಿ ಟ್ರ್ಯಾಕ್ಟರು ಶೆಡ್ಡಿನಲ್ಲಿ ಹಾಗೇ ನಿಂತಿತ್ತು, ಹುಲ್ಲು ಮೊಣಕಾಲಿಗೆ ಬಂದಿತ್ತು. ನಾನೇ ಕತ್ತರಿಸುತ್ತೇನೆ ಅಂದೆ. (ಬಾಡಿಗೆಯಲ್ಲಿ ಒಂದು ಡಾಲರ್ ಬಿಟ್ಟರೂ ಅದು ನನ್ನ ವೀಸಾ ಒಪ್ಪದ ದುಡಿಮೆಯಾದೀತೆಂದು ಕೈ ಮುಗಿದು ಬೇಡ ಅಂದೆ. ಕುಂಬಳಕಾಯಿ ಕಡುಬಿನಂಥ ಅವರ ಪೈ ಮಾತ್ರ ಬೇಡ ಅನ್ನಲಾಗಲಿಲ್ಲ.) ನಿಜ ಹೇಳಬೇಕೆಂದರೆ ಆಸೆಯೂ ಇತ್ತು. ಊರಲ್ಲಿ ನಮ್ಮದೇ ಟ್ರ್ಯಾಕ್ಟರಿದ್ದರೂ ಅದರ ಸ್ಟೇರಿಂಗನ್ನು ತಮ್ಮನಿಗೆ ಕೊಟ್ಟರೇ ಹೊರತು ನನಗೆ ಕೊಟ್ಟಿರಲಿಲ್ಲ.

ಸೀಟನ್ನು ಎತ್ತಿ ನೋಡಿದಾಗ ಅಡಿಯಲ್ಲೊಂದು ತುಂಡು ವೈರು ಕಂಡಿತು. ಎರಡು ತುದಿಗೂ ಕಪ್ಪು ಟೇಪು ಸುತ್ತಿ ನೀಟಾಗಿ ಜೋಡಿಸಿದ್ದರು. ಸೀಟಿನ ಕೆಳಗೆ ಒಂದು ಸ್ವಿಚ್ಚಿರುತ್ತದೆ. ಬ್ಲೇಡು ತಿರುಗುತ್ತಿರುವಾಗ ಕೂತವರು ಎದ್ದರೆ, ಬಿದ್ದರೆ, ಎಂಜಿನ್ ತಾನಾಗಿ ನಿಲ್ಲಲಿ ಎಂದು. ಉಬ್ಬುತಗ್ಗಿನಲ್ಲಿ ಪೃಷ್ಠ ಸ್ವಲ್ಪ ಮೇಲೆದ್ದರೂ ಎಂಜಿನ್ ನಿಂತುಬಿಡುತ್ತದೆಂದು ಅಜ್ಜ ಆ ಸ್ವಿಚ್ಚಿಗೆ ಅಡ್ಡದಾರಿ ಮಾಡಿದ್ದರು. ಯಾರೋ ಸದಾ ಕೂತೇ ಇದ್ದಾರೆಂದು ಯಂತ್ರ ನಂಬಿಕೊಂಡಿತ್ತು. ಅವರು ಹೋದ ಮೇಲೂ.

ಆ ವೈರನ್ನು ತೆಗೆಯುವಾಗ ಅಜ್ಜಿ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ಅದು ಅವರು ಮಾಡಿದ್ದು" ಅಂದರು. ಬೇಡ ಅನ್ನಲಿಲ್ಲ. ಹೊಸ ಸ್ವಿಚ್ಚು ತಂದು ಹಾಕಿ, ಸಮತಟ್ಟಾದ ಜಾಗದಲ್ಲಿ ಬ್ಲೇಡು ಹಾಕಿ, ಕೆಳಗಿಳಿಯದೆ ಸೀಟಿನಿಂದ ಸ್ವಲ್ಪ ಮೇಲೆದ್ದೆ. ಎಂಜಿನ್ ತಟ್ಟನೆ ನಿಂತಿತು. 48 ಕಿಲೋ ತೂಕದ ನನಗೆ ಈ ಸ್ವಿಚ್ಚಿನಿಂದ ಆಗಾಗ ಪೀಕಲಾಟವೇ. ಒಂದು ಇಲಿ ಬಿಲದ ಮೇಲೆ ಚಕ್ರ ಹತ್ತಿದರೂ ನಾನಿಲ್ಲವೆಂದು ತೀರ್ಮಾನಿಸಿ ಬಂದಾಗಿಬಿಡುತ್ತದೆ. ಅದಕ್ಕೆ ಮದ್ದು ನಿಧಾನವಾಗಿ ಹೋಗುವುದು, ಅಷ್ಟೇ.

ಓಡಿಸುವುದಕ್ಕಿಂತ ಅಣಿಮಾಡುವುದರಲ್ಲೇ ಹೆಚ್ಚು ಹೊತ್ತು ಹೋಗುತ್ತದೆ, ನನಗೆ ಅದೇ ಇಷ್ಟ. ಡೆಕ್ಕಿನಡಿ ಕೈ ಹಾಕುವ ಮುಂಚೆ ಕೀಲಿ ಕಿತ್ತು ಜೇಬಿಗೆ, ಸ್ಪಾರ್ಕ್ ಪ್ಲಗ್ಗಿನ ವೈರು ಕಳಚಿ ಪಕ್ಕಕ್ಕೆ. ಬ್ಲೇಡನ್ನು ಕೈಯಿಂದ ತಿರುಗಿಸಿದರೂ ಎಂಜಿನ್ ಒಂದು ಬಾರಿ ಉಸಿರೆಳೆದುಕೊಳ್ಳಬಹುದು. ಬ್ಯಾಟರಿ ಕಳಚುವಾಗ ನೆಗೆಟಿವ್ ಮೊದಲು, ಕೂಡಿಸುವಾಗ ನೆಗೆಟಿವ್ ಕೊನೆಗೆ. ಪಾನಾ ಎಲ್ಲಾದರೂ ಕಬ್ಬಿಣದ ಮೈಗೆ ತಾಗಿದರೂ ಕಿಡಿ ಹಾರಬಾರದೆಂದು ಈ ಕ್ರಮ. ಗಾಳಿ ಮುಂದಿನ ಚಕ್ರಕ್ಕೆ 14, ಹಿಂದಿನದಕ್ಕೆ 10 ಪಿಎಸ್‌ಐ. ಒಂದು ಬದಿ ಕಡಿಮೆಯಾದರೆ ಡೆಕ್ಕು ವಾಲಿ ಅಂಗಳಕ್ಕೆ ಅರ್ಧಂಬರ್ಧ ಕ್ಷೌರವಾಗುತ್ತದೆ. ಹರಿತ ಮಾಡಿದ ಬ್ಲೇಡನ್ನು ನಡುವಿನ ತೂತಿನಿಂದ ಮೊಳೆಗೆ ತೂಗುಹಾಕಿದಾಗ ತಕ್ಕಡಿಯಂತೆ ಸಮ ನಿಲ್ಲಬೇಕು. ಪೆಟ್ರೋಲು ಹಾಕುವುದು ಎಂಜಿನ್ ತಣ್ಣಗಿರುವಾಗ, ಅದೂ ಶೆಡ್ಡಿನ ಹೊರಗೆ. ಕತ್ತರಿಸಿದ ಹುಲ್ಲು ಹೊರಬೀಳುವ ಬದಿಯ ಬಾಯಿಗೊಂದು ಪ್ಲಾಸ್ಟಿಕ್ ರೆಕ್ಕೆ ಇರುತ್ತದೆ, ಅಡ್ಡಿಯೆಂದು ಹಲವರು ಅದನ್ನು ಮೇಲಕ್ಕೆತ್ತಿ ಕಟ್ಟಿಬಿಡುತ್ತಾರೆ. ಕಲ್ಲು ಹಾರಿದರೆ ನೆಲಕ್ಕೆ ಬಡಿಯಲೋ ಯಾರದಾದರೂ ಕಣ್ಣಿಗೆ ಬಡಿಯಲೋ ಎಂಬುದನ್ನು ತೀರ್ಮಾನಿಸುವುದು ಆ ರೆಕ್ಕೆ.

ರಸ್ತೆ ಬದಿಯ ತಗ್ಗಿನ ಬಗ್ಗೆ ಅಜ್ಜಿಗೂ ನನಗೂ ಸ್ವಲ್ಪ ಜಗ್ಗಾಟ ನಡೆಯಿತು. 15 ಡಿಗ್ರಿಗಿಂತ ಕಡಿದಾದ ಕಡೆ ಇದನ್ನು ಓಡಿಸಬಾರದು. ಇಳಿಜಾರಿನಲ್ಲಿ ಹೋಗುವುದಾದರೂ ಮೇಲೆ–ಕೆಳಗೆ ಹೋಗಬೇಕು, ಅಡ್ಡಕ್ಕಲ್ಲ. ಅಡ್ಡ ಹೋದರೆ ಪಕ್ಕಕ್ಕೆ ಮಗುಚುತ್ತದೆ. ತಳ್ಳುವ ಯಂತ್ರಕ್ಕೆ ನಿಯಮ ತಿರುಗುಮುರುಗು, ಅದರಲ್ಲಿ ಅಡ್ಡಕ್ಕೇ ನಡೆಯಬೇಕು, ಇಲ್ಲವಾದರೆ ಜಾರಿದ ಕಾಲು ನೇರ ಬ್ಲೇಡಿನಡಿಗೆ. ಫೋನಿನಿಂದ ಅಳೆದರೆ ತಗ್ಗಿನ ದಂಡೆ 20 ದಾಟಿತ್ತು. ಅಲ್ಲಿಗೆ ಹೋಗುವುದಿಲ್ಲ ಅಂದೆ. ಅಕ್ಕಪಕ್ಕದವರು ಏನೆಂದಾರೋ ಎಂಬ ಚಿಂತೆ ಅಯೋವಾದ ಅಜ್ಜಿಗೂ ಇರುತ್ತದೆಂದು ಅವತ್ತು ತಿಳಿಯಿತು. ಜುಲೈ ಹೊತ್ತಿಗೆ ಅಲ್ಲಿ ನಮ್ಮ ಎಕ್ಕದ ನೆಂಟನಾದ ಮಿಲ್ಕ್‌ವೀಡ್ ಎದ್ದು ಹೂ ಬಿಟ್ಟಿತು, ಮೊನಾರ್ಕ್ ಚಿಟ್ಟೆಗಳು ಬಂದವು, ಅಜ್ಜಿ ಸುಮ್ಮನಾದರು.

ಆದರೆ ಮೊಮ್ಮಗನ ವಿಷಯ ಹಾಗೆ ಬಗೆಹರಿಯುವಂಥದ್ದಾಗಿರಲಿಲ್ಲ.

ಅವನಿಗೆ 5 ವರ್ಷ. ಶನಿವಾರ ಅವನ ತಾಯಿಗೆ ಡ್ಯೂಟಿ ಇರುವುದರಿಂದ ಇಲ್ಲೇ ಇರುತ್ತಾನೆ. ನಾನು ಮೊದಲ ಬಾರಿ ಎಂಜಿನ್ ಶುರು ಮಾಡಿ ಶೆಡ್ಡಿನಿಂದ ಹೊರಗೆ ತಂದಾಗ, ಇನ್ನೂ ಬ್ಲೇಡು ಹಾಕಿರಲಿಲ್ಲ, ಹಿಂದಿನ ಬಾಗಿಲು ತೆಗೆದುಕೊಂಡು ಓಡಿ ಬಂದ. ಬರಿಗಾಲು, ಎರಡೂ ಕೈ ಮೇಲೆ. ಎತ್ತಿಕೋ ಎಂದು ಚಾಚುವ ಕೈ. ಎಂಜಿನ್ ಬಂದ್ ಮಾಡಿ ಇಳಿದೆ. ಹಿಂದೆಯೇ ಅಜ್ಜಿ ಬಂದು ನಗುತ್ತ, "ಅವನ ತಾತ ತೊಡೆ ಮೇಲೆ ಕೂರಿಸಿಕೊಳ್ಳುತ್ತಿದ್ದರು, ಪ್ರತಿ ಶನಿವಾರ. ಒಂದೇ ಒಂದು ಸುತ್ತು" ಅಂದರು. ಅವರ ಕಣ್ಣು ಒದ್ದೆಯಾಗಿತ್ತು.

ಒಂದು ಸುತ್ತಿನಲ್ಲಿ ಬೀಳಲಿಕ್ಕಿಲ್ಲ. ಗಟ್ಟಿಯಾಗಿ ಹಿಡಿದುಕೊಳ್ಳಬಹುದು, ಬ್ಲೇಡು ಹಾಕದೆಯೇ ಒಂದು ಸುತ್ತು ಹೊಡೆಯಬಹುದು. ನನ್ನ ತಲೆಯಲ್ಲೂ ಇವೆಲ್ಲ ಬಂದವು. ಆದರೆ ಕೈಪಿಡಿಯ ಮಕ್ಕಳ ಕುರಿತಾದ ಪುಟದಲ್ಲಿ ನಾನು ಎರಡು ಗೆರೆ ಎಳೆದಿದ್ದ ಮಾತಿನ ತಾತ್ಪರ್ಯ ಬೇರೆಯೇ ಇತ್ತು. ಹಿಂದೆ ಒಮ್ಮೆ ಸವಾರಿ ಮಾಡಿಸಿಕೊಂಡ ಮಗು ಇನ್ನೊಂದು ಸವಾರಿಗೆಂದು ಇದ್ದಕ್ಕಿದ್ದಂತೆ ಓಡಿ ಬರುತ್ತದೆ, ಹಿಂದಕ್ಕೆ ಬರುವ ಯಂತ್ರದಡಿ ಸಿಕ್ಕುತ್ತದೆ. ಅಪಾಯ ಕೂರಿಸಿಕೊಂಡ ಆ ಸುತ್ತಿಗೆ ಮುಗಿಯುವುದಿಲ್ಲ. ಈ ಸದ್ದು ಕೇಳಿದರೆ ಓಡಬೇಕು, ಅಲ್ಲಿ ನನ್ನವರು ಇದ್ದಾರೆ ಎಂದು ಮಗು ಕಲಿಯುತ್ತದೆ. ಓಡಿಸುವವರ ಕಿವಿಗೆ ಮುಚ್ಚಳವಿರುತ್ತದೆ, ಕೂಗು ಕೇಳದು. ಹಿಂದಿನ ಗೇರಿಗೆ ಹಾಕಿದರೆ ಬ್ಲೇಡು ನಿಲ್ಲುವ ಏರ್ಪಾಡು ಈಗಿನ ಯಂತ್ರಗಳಲ್ಲಿದೆ, ಅದನ್ನೂ ಒಂದು ಗುಂಡಿ ಒತ್ತಿ ಮೀರಬಹುದು. ಈ ದೇಶದಲ್ಲಿ ಚಿಕ್ಕ ಮಕ್ಕಳ ಕಾಲು ತುಂಡಾಗುವುದಕ್ಕೆ ಪ್ರಮುಖ ಕಾರಣಗಳಲ್ಲೊಂದು ಈ ಹುಲ್ಲಿನ ಯಂತ್ರ. 16 ತುಂಬದವರು ಇದನ್ನು ಓಡಿಸಬಾರದೆಂದು, 6 ತುಂಬದವರು ಕತ್ತರಿಸುವ ಹೊತ್ತಿಗೆ ಮನೆಯೊಳಗೇ ಇರಬೇಕೆಂದು ಇಲ್ಲಿನ ಮಕ್ಕಳ ವೈದ್ಯರ ಅಕಾಡೆಮಿ ಹೇಳುತ್ತದೆ.

ಆಗುವುದಿಲ್ಲ ಅಂದೆ. ಹುಡುಗ ಅಳಲಿಲ್ಲ, ಅತ್ತಿದ್ದರೆ ವಾಸಿಯಿತ್ತು. ಕೈ ಕೆಳಗಿಳಿಸಿ ನನ್ನನ್ನು ನೋಡಿದ. ತಾತನ ಸೀಟಿನಲ್ಲಿ ಕೂತ ಯಾವಳೋ ಒಬ್ಬಳು ಇವಳು ಅಂತ.

ರಾತ್ರಿ ಅಪ್ಪನಿಗೆ ಹೇಳಿದೆ. "ಸಣ್ಣ ಹುಡುಗನ್ನ ಒಂದ್ ರೌಂಡ್ ಕುಂದ್ರಿಸ್ಕೊಂಡ್ರ ಏನಾಕ್ಕೈತಿ ತಂಗೀ? ನೀ ನಮ್ಮ ಟ್ರ್ಯಾಕ್ಟರ್ ಮ್ಯಾಲ ಬೆಳದಾಕಿ ಅಲ್ಲನು" ಅಂದ. ಸುಳ್ಳಲ್ಲ. ಮಡ್‌ಗಾರ್ಡ್ ಮೇಲೆ ಕೂತು ಹೊಲಕ್ಕೆ ಹೋದದ್ದಕ್ಕಿಂತ ದೊಡ್ಡ ಸುಖ ನನ್ನ ಬಾಲ್ಯದಲ್ಲಿಲ್ಲ. ತಗಡಿನ ಬಿಸಿ, ಡೀಸೆಲ್ ವಾಸನೆ, ತಗ್ಗು ಬಂದಾಗಲೆಲ್ಲ ಎದೆಗೆ ಅಡ್ಡ ಬರುತ್ತಿದ್ದ ಅಪ್ಪನ ಎಡಗೈ. ಅದೇ ನನ್ನ ಬೆಲ್ಟು. ನಮ್ಮ ಓಣಿಯಲ್ಲಿ ನನ್ನ ಜೊತೆ ಸಾಲಿಗೆ ಹೋಗುತ್ತಿದ್ದ ಹುಡುಗನೊಬ್ಬ ಅಂಥದ್ದೇ ಮಡ್‌ಗಾರ್ಡಿನಿಂದ ಜಾರಿ ಹಿಂದಿನ ಚಕ್ರದಡಿ ಬಿದ್ದ. ಓಡಿಸುತ್ತಿದ್ದುದು ಅವನ ಕಾಕಾ. ಹಣೆಬರಹ ಅಂದರು, ಮಣ್ಣು ಮಾಡಿದರು. ಮರುವಾರ ನಾವೆಲ್ಲ ಮತ್ತೆ ಮಡ್‌ಗಾರ್ಡ್ ಮೇಲೆ. "ಅವನ ನೆನಪೈತೇನಪ್ಪಾ?" ಅಂದೆ. ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಮಳೆಯ ವಿಷಯ ತೆಗೆದ.

ಅಪ್ಪನಿಗೂ ಆ ಅಜ್ಜನಿಗೂ ಅಂಥ ವ್ಯತ್ಯಾಸವೇನಿಲ್ಲ ಅನ್ನಿಸುತ್ತದೆ. ಇಬ್ಬರೂ ತಮ್ಮ ತೋಳನ್ನು ಸ್ವಿಚ್ಚಿಗಿಂತ ಹೆಚ್ಚು ನಂಬಿದವರು. ಇಲ್ಲಿ ಯಾರೋ ಕಳೆದುಕೊಂಡ ಕಾಲಿನ ನೆನಪನ್ನು ಸೀಟಿನಡಿಯ ಸ್ವಿಚ್ಚು ಮಾಡಿಟ್ಟಿದ್ದಾರೆ, ಅದು ಒಳ್ಳೆಯದು. ಆದರೆ ಅದನ್ನು ತಪ್ಪಿಸಲು ಒಂದು ಗೇಣು ವೈರು ಸಾಕು.

ಮುಂದಿನ ಶನಿವಾರ ಹುಡುಗನಿಗೆ ಒಂದು ಡಬ್ಬಿ ಕೊಟ್ಟೆ. ಎಂಜಿನ್ ಶುರುವಾಗುವ ಮುಂಚೆ ಅಂಗಳದ ಕಲ್ಲು, ಕಡ್ಡಿ, ನಾಯಿ ಕಡಿದು ಬಿಟ್ಟ ಮೂಳೆ ಎಲ್ಲ ಹೆಕ್ಕುವುದು ಅವನ ಕೆಲಸ. ಮುಗಿದ ಮೇಲೆ ಒಳಗೆ ಹೋಗಿ ಅಡುಗೆಮನೆಯ ಕಿಟಕಿಯ ಗಾಜಿಗೆ ಅಂಗೈ ಒತ್ತಿ ಹಿಡಿಯಬೇಕು, ಅದನ್ನು ನೋಡದೆ ನಾನು ಕೀಲಿ ತಿರುಗಿಸುವುದಿಲ್ಲ. ಪಕ್ಕದಲ್ಲಿ ಅಜ್ಜಿ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಪ್ರತಿ ಸುತ್ತಿಗೂ ಕಿಟಕಿಯತ್ತ ನೋಡುತ್ತೇನೆ. ಮೊದಲ ಕೆಲವು ವಾರ ಅಂಗೈ ಒತ್ತಿದರೂ ಮುಖ ಬೇರೆ ಕಡೆ ತಿರುಗಿಸಿಕೊಳ್ಳುತ್ತಿದ್ದ.

ಆಗಸ್ಟಿನ ಒಂದು ಬೆಳಿಗ್ಗೆ ಅರ್ಧ ಅಂಗಳ ಮುಗಿಸಿ ತಿರುಗಿ ನೋಡಿದರೆ ಕಿಟಕಿಯಲ್ಲಿ ಕೈ ಇರಲಿಲ್ಲ, ಅಜ್ಜಿಯೂ ಇರಲಿಲ್ಲ. ಬ್ಲೇಡು ಬಂದ್ ಮಾಡಿ, ಎಂಜಿನ್ ನಿಲ್ಲಿಸಿ, ಕೀಲಿ ಕಿತ್ತುಕೊಂಡೆ. ಕಿವಿಯ ಮುಚ್ಚಳ ತೆಗೆದಾಗ ಅವನ ಹೆಸರು ಹಿಡಿದು ಕೂಗುತ್ತಿದ್ದ ಅಜ್ಜಿಯ ದನಿ ಕೇಳಿತು. ಅವನು ನನ್ನ ಹಿಂದೆ, ಲೈಲಾಕ್ ಗಿಡದ ಮರೆಯಲ್ಲಿ, ನಾನು ಹಿಂದಕ್ಕೆ ಬಂದು ತಿರುಗಿಸುತ್ತಿದ್ದ ಜಾಗಕ್ಕೆ ಹತ್ತು ಹೆಜ್ಜೆ ದೂರದಲ್ಲಿ ಕೂತಿದ್ದ. ಮುಷ್ಟಿ ಬಿಚ್ಚಿ ತೋರಿಸಿದ. ಒಂದು ಕಲ್ಲು. "ಇದೊಂದು ಉಳಿದುಹೋಗಿತ್ತು" ಅಂದ.

ಅವತ್ತಿನಿಂದ ಕಲ್ಲು ಹೆಕ್ಕುವುದು ಶುಕ್ರವಾರ ಸಂಜೆ, ಟ್ರ್ಯಾಕ್ಟರು ಶೆಡ್ಡಿನಲ್ಲಿ ಬೀಗದೊಳಗಿರುವಾಗ. ಹಿಂದಿನ ಬಾಗಿಲಿಗೆ ಮೇಲುಗಡೆ ಒಂದು ಚಿಲಕ ಹಾಕಿಸಿದರು ಅಜ್ಜಿ. ಆ ದಿನದ ಉಳಿದರ್ಧ ಅಂಗಳವನ್ನು ಮರುದಿನ ಅವನು ಮನೆಗೆ ಹೋದ ಮೇಲೆ ಕತ್ತರಿಸಿದೆ.