ನೀರೂ ಇಲ್ಲವೇ?

ರಂಜಾನ್ ಮಾಸ ಬಂತೆಂದರೆ ನೆರೆಹೊರೆಯವರು ನನ್ನನ್ನು ತಪ್ಪದೆ ಕೇಳುವ ಪ್ರಶ್ನೆಯೊಂದುಂಟು: “ನೀರನ್ನೂ ಕುಡಿಯುವಂತಿಲ್ಲವೇ?” ಏಕಾದಶಿಯಂದು ನಿರಾಹಾರವಿದ್ದು ಪಳಗಿದ ಹಿರಿಯರು ಕೂಡ ಅನ್ನ ಬಿಡುವುದನ್ನು ಸಹಜವೆಂದೊಪ್ಪಿ, ನೀರಿನ ಮಾತು ಬಂದಾಗ ಮಾತ್ರ ಹೌಹಾರುತ್ತಾರೆ. ಪ್ರಶ್ನೆಯಲ್ಲಿ ತುಂಬಿರುವ ಅಕ್ಕರೆಯನ್ನು ನಾನು ಬಲ್ಲೆ. ಆದರೂ ಅದು ವರ್ಷವರ್ಷವೂ ನನ್ನನ್ನು ತುಸು ಕೆಣಕುತ್ತದೆ. ಏಕೆಂದರೆ ಅವರು ಉಪವಾಸದ ಕ್ಲೇಶವನ್ನು ಗಂಟಲಿನಲ್ಲಿ ಹುಡುಕುತ್ತಾರೆ.

ಬೇಸಗೆಯಲ್ಲಿ ರಂಜಾನ್ ಬಿದ್ದಾಗ ಮಧ್ಯಾಹ್ನದ ನಮಾಜಿಗೆಂದು ವುಜೂ ಮಾಡುವವನನ್ನು ನೋಡಬೇಕು. ಮಸೀದಿಯ ಹೌಜಿನ, ಎಂದರೆ ನೀರಿನ ತೊಟ್ಟಿಯ, ಅಂಚಿನಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು, ಮುಂಗೈಗಳನ್ನು ತೊಳೆದು, ಅಂಗೈಯ ನೀರನ್ನು ಬಾಯಿಗೆ ತೆಗೆದುಕೊಳ್ಳುತ್ತಾನೆ; ಒಣಗಿದ ನಾಲಗೆಯ ಮೇಲೆ ತಂಪಾದ ನೀರು ನಿಂತಿದೆ; ಒಂದು ಗುಟುಕು ಒಳಗಿಳಿದರೆ ಪಕ್ಕದಲ್ಲಿ ಕುಳಿತವನಿಗೂ ತಿಳಿಯದು; ಆದರೂ ಆತ ಅದನ್ನು ಉಗುಳಿಬಿಡುತ್ತಾನೆ, ಮೂರು ಬಾರಿಯೂ. ಹಿಜರಿ 2ನೆಯ ವರ್ಷದಲ್ಲಿ, ಎಂದರೆ ಕ್ರಿ.ಶ. 624ರಲ್ಲಿ, ವಿಧಿಯಾದ ಈ ವ್ರತದ ತಿರುಳೆಲ್ಲ ನನಗೆ ಆ ಉಗುಳುವಿಕೆಯಲ್ಲಿ ಕಾಣುತ್ತದೆ. ಮರೆತು ಕುಡಿದ ನೀರಿನಿಂದ ವ್ರತಭಂಗವಾಗದು. ನೆನಪಿದ್ದು ನುಂಗಿದ ಹನಿಯಿಂದ ಆಗುತ್ತದೆ. ಇಸ್ಲಾಮೀ ಪಂಚಾಂಗದಲ್ಲಿ ಅಧಿಕಮಾಸವಿಲ್ಲವಾದ್ದರಿಂದ ರಂಜಾನ್ ಪ್ರತಿವರ್ಷವೂ ಸುಮಾರು 11 ದಿನ ಹಿಂದೆ ಸರಿಯುತ್ತ, 33 ವರ್ಷಗಳಲ್ಲಿ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. ಹೀಗಾಗಿ ದೀರ್ಘಾಯುಷಿಯಾದವನು ಮಳೆಗಾಲದ ಹಸಿವನ್ನೂ ಬೇಸಗೆಯ ದಾಹವನ್ನೂ ಎರಡೆರಡು ಸಲ ಕಾಣುತ್ತಾನೆ.

ನೀರಿನ ಮಾತೆತ್ತಿದರೆ ನನಗೆ ನೆನಪಾಗುವುದು ನಮ್ಮ ಅಜ್ಜಿ ಹಜ್ಜಿನಿಂದ ತಂದ ಜಮ್‌ಜಮ್ ನೀರು. ಮುಂಬಯಿಯಿಂದ ಜಿದ್ದಾಕ್ಕೆ ಯಾತ್ರಿಕರ ಹಡಗುಗಳು ಹೋಗುತ್ತಿದ್ದ ಕಾಲವದು. ಆ ಸಂಚಾರ 1995ರಲ್ಲಿ ನಿಂತುಹೋಯಿತು. ಹೊರಡುವ ಮುನ್ನ ಅಜ್ಜಿ ಇದ್ದಬದ್ದ ಸಾಲಗಳನ್ನೆಲ್ಲ ತೀರಿಸಿ, ಮನೆಮನೆಗೂ ಹೋಗಿ, ಮಾತು ಬಿಟ್ಟವರ ಕೈಯನ್ನೂ ಹಿಡಿದು, ತಪ್ಪೇನಿದ್ದರೂ ಮಾಫಿ ಮಾಡಬೇಕೆಂದು ಬೇಡಿಕೊಂಡರಂತೆ. ಬೆಸುಗೆ ಹಾಕಿದ ತಗಡಿನ ಡಬ್ಬಿಯಲ್ಲಿ ಬಂದ ಆ ನೀರನ್ನು ಅವರು ಚಮಚದಲ್ಲಿ ಅಳೆದು ಹಂಚುತ್ತಿದ್ದರು. ನಾವು ಮಕ್ಕಳು ಎದ್ದು ನಿಂತು, ಕಿಬ್ಲಾದ, ಎಂದರೆ ಮಕ್ಕಾದ, ಕಡೆಗೆ ಮುಖಮಾಡಿ, ತುಸು ಉಪ್ಪುಪ್ಪಾದ ಆ ಚಮಚವನ್ನು ಚಪ್ಪರಿಸಬೇಕಾಗಿತ್ತು. ಕುಡಿಸಿದ ಮೇಲೆ ಅಜ್ಜಿ ಹಾಜಿರಾಳ ಕಥೆಯನ್ನು ಹೇಳದೆ ಬಿಟ್ಟವರಲ್ಲ.

ಇಬ್ರಾಹೀಮರು ಪತ್ನಿ ಹಾಜಿರಾಳನ್ನೂ ಹಾಲುಣ್ಣುವ ಕೂಸು ಇಸ್ಮಾಯೀಲನನ್ನೂ ಒಂದು ಚೀಲ ಖರ್ಜೂರ, ಒಂದು ತೊಗಲಚೀಲ ನೀರಿನೊಡನೆ ಹುಲ್ಲೂ ಬೆಳೆಯದ ಕಣಿವೆಯಲ್ಲಿ ಬಿಟ್ಟು ಹೊರಟರು. ಇದು ದೇವರ ಆಜ್ಞೆಯೇ ಎಂದು ಆಕೆ ಕೇಳಿದಳು. ಹೌದೆಂಬ ಉತ್ತರ ಬಂದಾಗ, ಹಾಗಿದ್ದರೆ ಅವನು ನಮ್ಮನ್ನು ಕೈಬಿಡಲಾರನೆಂದು ಹಿಂದಿರುಗಿದಳು. ನನ್ನನ್ನು ಬೆರಗುಗೊಳಿಸುವುದು ಮುಂದಿನ ಸಂಗತಿ. ಇಷ್ಟು ದೃಢವಾದ ಭರವಸೆಯುಳ್ಳವಳು, ನೀರು ಮುಗಿದಾಗ, ಕೈಮುಗಿದು ಕುಳಿತಳೇ? ಇಲ್ಲ, ಓಡಿದಳು. ಸಫಾ ಗುಡ್ಡವನ್ನೇರಿ ದಿಗಂತವನ್ನು ದಿಟ್ಟಿಸಿದಳು, ಯಾರೂ ಇಲ್ಲ. ಇಳಿದು, ಮಗು ಕಣ್ಮರೆಯಾಗುವ ತಗ್ಗಿನಲ್ಲಿ ಸೆರಗು ಸಾವರಿಸಿ ಧಾವಿಸಿ, ಮರ್ವಾ ಗುಡ್ಡವನ್ನೇರಿದಳು; ಅಲ್ಲಿಯೂ ಯಾರೂ ಇಲ್ಲ. ಹೀಗೆ ಏಳು ಸಲ. ಕೊನೆಗೆ ಆ ಜಮ್‌ಜಮ್ ನೀರು ಉಕ್ಕಿದ್ದು ಆಕೆ ಹುಡುಕಿದ ಎರಡು ಗುಡ್ಡಗಳಲ್ಲಿ ಒಂದರಲ್ಲಿಯೂ ಅಲ್ಲ, ಅಳುತ್ತಿದ್ದ ಕೂಸಿನ ಬಳಿಯಲ್ಲಿ. ಹಾಗಾದರೆ ಆ ಓಟ ವ್ಯರ್ಥವಾಯಿತೆನ್ನೋಣವೇ? ಹಜ್ಜಿನ ವಿಧಿಯೇ ಇದಕ್ಕೆ ಉತ್ತರ ಕೊಡುತ್ತದೆ: ಯಾತ್ರಿಕನು ಆಕೆ ನಡೆದಂತೆಯೇ, ಸುಮಾರು 450 ಮೀಟರ್ ಅಂತರದ ಆ ಗುಡ್ಡಗಳ ನಡುವೆ ಏಳು ಸಲ ನಡೆಯತಕ್ಕದ್ದು. ಈಗ ಅಲ್ಲಿ ಅಮೃತಶಿಲೆಯ ನೆಲವೂ ತಣ್ಣನೆಯ ಗಾಳಿಯೂ ಬಂದಿವೆ. ಆಕೆ ಧಾವಿಸಿದ ತಗ್ಗನ್ನು ಹಸಿರು ದೀಪಗಳು ಗುರುತಿಸುತ್ತವೆ. ಆ ದೀಪಗಳ ನಡುವೆ ಗಂಡಸರು ದಾಪುಗಾಲಿನಲ್ಲಿ ಓಡುತ್ತಾರೆ, ಹೆಂಗಸರು ಮಾಮೂಲಿನಂತೆ ನಡೆಯುತ್ತಾರೆ. ಹೆಂಗಸರ ಪಾಲಿನ ಓಟವನ್ನು ಆ ತಾಯಿಯೇ ಓಡಿ ಮುಗಿಸಿದ್ದಾಳೆಂದು ಅಜ್ಜಿ ಹೇಳುತ್ತಿದ್ದರು. ಸುಲ್ತಾನನಾದರೂ ಸರಿ, ಮಹಾಪಂಡಿತನಾದರೂ ಸರಿ, ಮಿಸರ ದೇಶದ, ಎಂದರೆ ಈಜಿಪ್ಟಿನ, ದಾಸಿಯಾಗಿದ್ದ ಈ ಹಾಜಿರಾಳ ಹೆಜ್ಜೆಯನ್ನು ಅನುಸರಿಸದೆ ಅವನ ಹಜ್ಜ್ ಪೂರ್ಣವಾಗದು. ಈ ಒಂದು ವಿಧಿಗಾಗಿಯೇ ನಾನು ನನ್ನ ಧರ್ಮವನ್ನು ಮತ್ತೆ ಮತ್ತೆ ಪ್ರೀತಿಸಬಲ್ಲೆ.

ಉಪವಾಸ ಯಾರೂ ಕಾಣದ ಆರಾಧನೆ. ಹಜ್ಜ್ ಲಕ್ಷಾಂತರ ಜನರ ಕಣ್ಣೆದುರಿನದು. ಆದರೆ ಹಜ್ಜಿನ ಮುಖ್ಯ ದಿನವಾದ ಅರಫಾ ದಿನದಂದು, ಅರಫಾ ಮೈದಾನದಲ್ಲಿ ಸೂರ್ಯಾಸ್ತದವರೆಗೆ ಪ್ರಾರ್ಥಿಸುತ್ತ ನಿಂತ ಯಾತ್ರಿಕರು ಉಣ್ಣುತ್ತಾರೆ, ಕುಡಿಯುತ್ತಾರೆ. ಊರಲ್ಲಿ ಉಳಿದವರು ಉಪವಾಸವಿರುತ್ತಾರೆ. ಹಿಂದೆ ಆ ಮೈದಾನದಲ್ಲಿ ಪ್ರವಾದಿಗಳಿಗೆ ಉಪವಾಸವುಂಟೋ ಇಲ್ಲವೋ ಎಂದು ಜನ ಸಂದೇಹಪಟ್ಟಾಗ, ಉಮ್ಮುಲ್ ಫಜ್ಲ್ ಎಂಬಾಕೆ ಒಂದು ಬಟ್ಟಲು ಹಾಲು ಕಳುಹಿಸಿದರೆಂದೂ ಅವರು ಒಂಟೆಯ ಮೇಲಿದ್ದಂತೆಯೇ ಅದನ್ನು ಕುಡಿದರೆಂದೂ ಹದೀಸು ಹೇಳುತ್ತದೆ. ಹಾಗೆಂದು ಹಜ್ಜಿನಲ್ಲಿ ಉಪವಾಸವೇ ಇಲ್ಲವೆಂದಲ್ಲ. ಉಮ್ರಾ ಎಂಬ ಕಿರುಯಾತ್ರೆ ಮತ್ತು ಹಜ್ಜ್ ಎರಡನ್ನೂ ಒಂದೇ ಯಾತ್ರೆಯಲ್ಲಿ ನೆರವೇರಿಸಿದವನಿಗೆ ಕುರ್ಬಾನಿಯ, ಎಂದರೆ ಪ್ರಾಣಿಬಲಿಯ, ಶಕ್ತಿಯಿಲ್ಲದಿದ್ದರೆ ಹತ್ತು ಉಪವಾಸಗಳ ವಿಧಿಯಿದೆ: ಮೂರು ಯಾತ್ರೆಯಲ್ಲಿ, ಏಳು ಮರಳಿದ ಮೇಲೆ. ಹಾರ ಹಾಕಿಸಿಕೊಂಡು ಊರು ಸೇರಿದ ಬಡವನು ಬೆಳಗಿನ ಜಾವ ಎದ್ದು ತನ್ನ ಅಡುಗೆಮನೆಯಲ್ಲಿ ಉಪವಾಸಕ್ಕೆ ಮುಂಚಿನ ಊಟವಾದ ಸಹರಿಗೆ ಕುಳಿತಾಗ ಅವನ ಹಜ್ಜಿನ ಬಾಕಿ ಅಲ್ಲಿ ಸಲ್ಲುತ್ತಿರುತ್ತದೆ. ಜನ ಆಗಲೇ ಅವನನ್ನು ಹಾಜಿ ಸಾಹೇಬರೆಂದು ಕರೆಯತೊಡಗಿರುತ್ತಾರೆ.