ಬೀದರಿನಲ್ಲಿ ಮೂರು ದಿನ

ನಿವೃತ್ತನಾದ ಉಪಾಧ್ಯಾಯನಿಗೆ ವಾರದ ಏಳು ದಿನಗಳೂ ಆದಿತ್ಯವಾರಗಳೇ ಸರಿ. ಆದರೂ ನಾವು ರಜೆಗಾಗಿ ಕಾಯಬೇಕಾಯಿತು. ನಮ್ಮ ನಾಲ್ವರಲ್ಲಿ ಒಬ್ಬರು ಇನ್ನೂ ಬ್ಯಾಂಕಿನ ಚಾಕರಿಯಲ್ಲಿರುವರು. 2025ರ ಆಗಸ್ಟ್ 15 ಶುಕ್ರವಾರ ಬಂದಿತು. ಶನಿವಾರಕ್ಕೆ ಅವರು ಒಂದು ದಿನದ ರಜೆಯನ್ನು ಬೇಡಿ ಪಡೆದರು. ಹೀಗೆ ಮೂರು ದಿನಗಳು ಕೂಡಿಬಂದುವು. ಆಳಂದ ತಾಲೂಕಿನ ನಮ್ಮ ಸರಸಂಬಾದ ಶಾಲೆಯಲ್ಲಿ ಧ್ವಜವಂದನೆ ಮುಗಿಸಿ, ಮಕ್ಕಳಿಗೆ ಹಂಚಿದ ಲಾಡುವಿನಲ್ಲಿ ನಮ್ಮ ಪಾಲನ್ನೂ ತಿಂದು, ಬೀದರಿಗೆ ಹೊರಟೆವು.

ಈ ಪ್ರವಾಸದ ಹಿಂದೆ ನನ್ನದೊಂದು ತಪ್ಪಿದೆ. ಅದನ್ನು ವಾಚಕರಿಂದ ಮುಚ್ಚಿಡಲಾರೆ. ನಮ್ಮ ಗಣಿತದ ಮಾಸ್ತರರು ಆರು ವರ್ಷಗಳ ಹಿಂದೆಯೇ, “ಬೀದರಿನ ಮದರಸಾ ಒಮ್ಮೆ ನೋಡಿ ಬರೋಣ್ರಿ, ಪಂಡಿತರ” ಎಂದಿದ್ದರು. ನಾನು “ನೋಡೋಣ” ಎಂದೆನು. ಒಂದು ವರ್ಷ ಪರೀಕ್ಷೆ, ಒಂದು ವರ್ಷ ಮಗಳ ಲಗ್ನ, ಆಮೇಲೆ ಪಿಂಚಣಿಯ ಕಾಗದಗಳು. ಅವರು ಕೇಳಿದಾಗಲೆಲ್ಲ ನನ್ನ ಉತ್ತರ ಅದೇ. ಅಷ್ಟರಲ್ಲಿ ಅವರ ಕಣ್ಣುಗಳಲ್ಲಿ ಒತ್ತಡ ಹೆಚ್ಚಿ ನರವು ಕ್ಷೀಣಿಸತೊಡಗಿತು. ಗ್ಲಾಕೋಮಾ ಎಂಬ ಈ ರೋಗದಲ್ಲಿ ನೋವೇ ಇರುವುದಿಲ್ಲ. ದೃಷ್ಟಿ ಅಂಚಿನಿಂದ ಒಳಕ್ಕೆ ಸವೆಯುತ್ತ ಬರುತ್ತದೆ, ರೋಗಿಗೆ ತಿಳಿಯುವ ಹೊತ್ತಿಗೆ ಬಹಳಷ್ಟು ಹೋಗಿರುತ್ತದೆ. ಔಷಧದ ಹನಿಗಳಿಂದ ಉಳಿದುದನ್ನು ಕಾಯಬಹುದು, ಹೋದುದು ಮರಳದು. ಈಗ ಅವರು ಕೊಳವೆಯೊಳಗಿಂದ ನೋಡಿದಂತೆ ಎದುರಿನದನ್ನು ಮಾತ್ರ ಕಾಣುತ್ತಾರೆ. “ಇನ್ನೂ ನೋಡೋಣ ಅಂತೀರೇನ್ರಿ?” ಎಂದು ಈ ಆಷಾಢದಲ್ಲಿ ಅವರು ನಗುತ್ತಲೇ ಕೇಳಿದರು. ನನಗೆ ನಗು ಬರಲಿಲ್ಲ.

ಕಲಬುರಗಿಯವರೆಗೆ ಬಸ್ಸು, ಅಲ್ಲಿಂದ ರೈಲು. ಈ ರೈಲುಮಾರ್ಗವು ಪೂರ್ಣವಾಗಿ ತೆರೆದದ್ದು 2017ರಲ್ಲಿ. ನಮ್ಮ ಸೀಮೆಯ ಎರೆಭೂಮಿ, ಮಳೆಗೆ ತೊಯ್ದ ಎಳೆಯ ತೊಗರಿ, ಹೆಸರಿನ ಹೊಲಗಳು ಹಿಂದೆ ಸರಿದಂತೆ ಮಣ್ಣು ಕೆಂಪಾಗುತ್ತ ಬಂದಿತು. ಬೀದರು ಜಂಬಿಟ್ಟಿಗೆ ಕಲ್ಲಿನ ಎತ್ತರದ ಪ್ರಸ್ಥಭೂಮಿಯ ಮೇಲೆ ಕುಳಿತಿದೆ. ಆ ಊರಿನ ಹೆಸರನ್ನು ಮಹಾಭಾರತದ ವಿದುರನಿಂದ ತರುವವರಿದ್ದಾರೆ. ಸಂಸ್ಕೃತ ಕಲಿತ ನನಗೆ ಅದು ಹಿತವೇ. ಆದರೆ ನಮ್ಮೊಡನಿದ್ದ ಗೌಡರು, “ಬಿದಿರು ಬೆಳೆದ ಊರು ಬಿದರೂರು, ಅಷ್ಟ ಅದ” ಎಂದು ಒಂದೇ ಮಾತಿನಲ್ಲಿ ನನ್ನ ವಿದುರನನ್ನು ರೈಲಿನಿಂದ ಇಳಿಸಿಬಿಟ್ಟರು.

ಮರುದಿನ ಬೆಳಗಾಗುತ್ತಲೇ ಮದರಸಾಕ್ಕೆ ಹೋದೆವು. ಪಾರಸಿಕ ದೇಶದ ಗೀಲಾನಿನಿಂದ ವ್ಯಾಪಾರಿಯಾಗಿ ಬಂದು ಬಹಮನಿ ರಾಜ್ಯದ ಪ್ರಧಾನಿಯಾದ ಮಹಮೂದ್ ಗವಾನನು ಇದನ್ನು 1472ರಲ್ಲಿ ಕಟ್ಟಿಸಿದನು. ಮೂರು ಅಂತಸ್ತುಗಳು, ನಡುವೆ ವಿಶಾಲವಾದ ಅಂಗಳ, ಸುತ್ತಲೂ ಅಧ್ಯಾಪಕರ ಹಾಗೂ ವಿದ್ಯಾರ್ಥಿಗಳ ಕೋಣೆಗಳು. ಗ್ರಂಥಭಂಡಾರದಲ್ಲಿ 3,000 ಹಸ್ತಪ್ರತಿಗಳಿದ್ದುವೆಂದು ಹೇಳುತ್ತಾರೆ. ಮುಂಭಾಗಕ್ಕೆ ಹೊದಿಸಿದ ನೀಲಿ, ಹಳದಿ, ಬಿಳಿಯ ಹೆಂಚುಗಳಲ್ಲಿ ಅಲ್ಲಲ್ಲಿ ಉಳಿದವು ಮಳೆಯಲ್ಲಿ ತೊಳೆದು ಹೊಳೆಯುತ್ತಿದ್ದುವು. ಈ ಕಟ್ಟಡದ ದಕ್ಷಿಣದ ಭಾಗ, ಮುಂಭಾಗದ ಅರ್ಧ, ಒಂದು ಗೋಪುರ ಈಗ ಇಲ್ಲ. ಔರಂಗಜೇಬನ ಕಾಲದಲ್ಲಿ ವಿದ್ಯಾಲಯದೊಳಗೆ ಸೈನಿಕರ ಮದ್ದನ್ನು ತುಂಬಿಟ್ಟಿದ್ದರು. 1696ರಲ್ಲಿ ಅದು ಸಿಡಿಯಿತು. ಪುಸ್ತಕವಿದ್ದ ಕಡೆಗೆ ಮದ್ದನ್ನಿಟ್ಟವರ ಬುದ್ಧಿಗೆ ಏನೆನ್ನಬೇಕೋ ನನಗೆ ತಿಳಿಯದು.

ಕಟ್ಟಿಸಿದವನ ಗತಿ ಇನ್ನೂ ದಾರುಣವಾದುದು. ವೈರಿಗಳು ಅವನ ಮುದ್ರೆಯೊತ್ತಿದ ಖಾಲಿ ಕಾಗದವೊಂದನ್ನು ಸಂಪಾದಿಸಿ, ಅದರ ಮೇಲೆ ರಾಜದ್ರೋಹದ ಪತ್ರವನ್ನು ಬರೆದು, ಮೂರನೆಯ ಮಹಮ್ಮದ ಶಾಹನ ಕೈಗೆ ಮುಟ್ಟಿಸಿದರು. ಮುದ್ರೆ ತನ್ನದೇ, ಬರಹ ತನ್ನದಲ್ಲವೆಂದು ಮುದುಕನು ಹೇಳಿದನು. ಅರಸನು ವಿಚಾರಿಸಲಿಲ್ಲ, 1481ರಲ್ಲಿ ತಲೆ ಹೊಡೆಯಿಸಿದನು. ಆಮೇಲೆ ಸತ್ಯ ತಿಳಿದು ಪರಿತಪಿಸಿ, ಮರುವರ್ಷವೇ ತಾನೂ ತೀರಿಕೊಂಡನು. ಬ್ಯಾಂಕಿನವರು ಈ ಕಥೆಯನ್ನು ಕೇಳಿ ಬೆಚ್ಚಿದರು. ಖಾಲಿ ಕಾಗದಕ್ಕೆ ಮುದ್ರೆಯೊತ್ತಬಾರದೆಂಬುದು ಅವರ ವೃತ್ತಿಯ ಮೊದಲ ಪಾಠವಂತೆ.

ನಾವು ಹೀಗೆ ಮಾತಿನಲ್ಲಿರುವಾಗ ಗಣಿತದ ಮಾಸ್ತರರು ಉಳಿದಿರುವ ಒಂದೇ ಗೋಪುರದೆದುರು ನಿಂತಿದ್ದರು. ಅದು ಸುಮಾರು 130 ಅಡಿ ಎತ್ತರ. ಇಡೀ ಗೋಪುರವು ಅವರ ಕಣ್ಣಿಗೆ ಒಮ್ಮೆಲೇ ಹಿಡಿಯದು. ಆದುದರಿಂದ ಬುಡದಿಂದ ತುದಿಯವರೆಗೆ ತಲೆಯನ್ನು ಮೆಲ್ಲಮೆಲ್ಲನೆ ಎತ್ತುತ್ತ, ಹೆಂಚುಗಳ ಅಂಕುಡೊಂಕಾದ ಪಟ್ಟಿಗಳನ್ನು, ಬಾಲಕನು ಅಕ್ಷರಕ್ಕೆ ಅಕ್ಷರ ಕೂಡಿಸಿ ಓದುವಂತೆ ಓದುತ್ತಿದ್ದರು. ಅರ್ಧ ಗಂಟೆ ಹಿಡಿಯಿತು. ಗೌಡರು ಚಹಾಕ್ಕೆ ಅವಸರಪಟ್ಟರೂ ಬಾಯಿ ಬಿಡಲಿಲ್ಲ.

ಕೋಟೆಯನ್ನು ಮಧ್ಯಾಹ್ನದಲ್ಲಿ ನೋಡಿದೆವು. ಬಂಡೆಯನ್ನೇ ಕಡಿದು ಮಾಡಿದ ಮೂರು ಸಾಲಿನ ಕಂದಕವು ಆಶ್ಚರ್ಯಕರವಾದುದು. ರಂಗೀನ ಮಹಲಿನ ಬೀಗವನ್ನು ಕಾವಲುಗಾರರು ವಿನಂತಿಯ ಮೇಲೆ ತೆರೆದು ತೋರಿಸಿದರು. ಕರಿಗಲ್ಲಿನಲ್ಲಿ ಮುತ್ತಿನ ಚಿಪ್ಪನ್ನು ಕೂರಿಸಿದ ಕೆಲಸ ಅಲ್ಲಿದೆ. ಒಳಗೆ ಬೆಳಕು ಕಡಿಮೆಯಾದುದರಿಂದ ಮಾಸ್ತರರಿಗೆ ಅದು ಕಾಣಲೇ ಇಲ್ಲ. ಸಂಜೆ ನಾನಕ ಝೀರಾ ಗುರುದ್ವಾರದ ಪಂಕ್ತಿಯಲ್ಲಿ ಕುಳಿತು ರೊಟ್ಟಿ, ದಾಲು ಉಂಡೆವು. ಯಾರೂ ಊರು ಕೇಳಲಿಲ್ಲ, ಹೆಸರು ಕೇಳಲಿಲ್ಲ.

ಆದಿತ್ಯವಾರ ಬೆಳಿಗ್ಗೆ ಅಷ್ಟೂರಿಗೆ. ಕಲಬುರಗಿಯಿಂದ ರಾಜಧಾನಿಯನ್ನು ಬೀದರಿಗೆ ತಂದ ಅಹಮದ ಶಾಹನ ಸಮಾಧಿ ಅಲ್ಲಿದೆ. 1422ರಲ್ಲಿ ಪಟ್ಟವೇರಿದ ಈತನನ್ನು ಮುಸಲ್ಮಾನರು ವಲಿಯೆಂದೂ ಲಿಂಗಾಯತರು ಅಲ್ಲಮಪ್ರಭುವೆಂದೂ ಪೂಜಿಸುವರು. ಪ್ರತಿವರ್ಷ ಹೋಳಿ ಹುಣ್ಣಿಮೆ ಕಳೆದ ಮೇಲೆ ನಡೆಯುವ ಉರುಸಿಗೆ ನಮ್ಮದೇ ತಾಲೂಕಿನ ಮಾಡಿಯಾಳದಿಂದ ಜಂಗಮರು ಭಕ್ತರೊಡನೆ ಕಾಲುನಡಿಗೆಯಲ್ಲಿ ಬರುವರು. ಅವರು ಬಂದ ಹೊರತು ಜಾತ್ರೆಯಿಲ್ಲ. ಮಾಡಿಯಾಳದ ಹೆಸರು ಕೇಳಿ ಗೌಡರ ಎದೆ ಒಂದು ಗೇಣು ಉಬ್ಬಿತು. ಗುಮ್ಮಟದ ಒಳಮೈಯ ಚಿತ್ತಾರಗಳನ್ನು ದೀಪ ಹಿಡಿದು ತೋರಿಸಿದರು: ಕೆಂಪು, ನೀಲಿ, ಚಿನ್ನದ ಬಣ್ಣ.

ಮರಳುವ ಮುನ್ನ ಚೌಬಾರದ ಹತ್ತಿರದ ಬಿದ್ರಿ ಅಂಗಡಿಯೊಂದಕ್ಕೆ ಹೋದೆವು. ಸತುವಿಗೆ ಸ್ವಲ್ಪ ತಾಮ್ರ ಬೆರಸಿ ಎರಕ ಹೊಯ್ದು, ಉಳಿಯಿಂದ ಬಳ್ಳಿ ಹೂಗಳನ್ನು ಕೊರೆದು, ಆ ಗೀರುಗಳಲ್ಲಿ ಬೆಳ್ಳಿಯ ತಂತಿಯನ್ನು ಬಡಿದು ಕೂರಿಸುವರು. ಬಳಿಕ ನುಣ್ಣಗೆ ಉಜ್ಜಿ, ಕೋಟೆಯ ಹಳೆಯ ಕಟ್ಟಡಗಳಲ್ಲಿ ಬಿಸಿಲು ಮಳೆ ಕಾಣದೆ ಬಿದ್ದಿರುವ ಮಣ್ಣನ್ನು ನವಸಾಗರದೊಡನೆ ನೀರಿನಲ್ಲಿ ಕಲಸಿ, ಬಿಸಿಮಾಡಿದ ಪಾತ್ರೆಗೆ ಹಚ್ಚುವರು. ಲೋಹವು ಕಾಡಿಗೆಯಂತೆ ಕಪ್ಪಾಗುತ್ತದೆ. ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ತಕ್ಕ ಮಣ್ಣು ಯಾವುದೆಂಬುದನ್ನು ಕುಶಲಿಗಳು ನಾಲಿಗೆಯ ಮೇಲಿಟ್ಟು ಪರೀಕ್ಷಿಸುವರು. 2006ರಲ್ಲಿ ಈ ಕಲೆಗೆ ಭೌಗೋಳಿಕ ಮಾನ್ಯತೆ ದೊರೆತಿದೆ.

ಮಾಸ್ತರರು ಒಂದು ಚಿಕ್ಕ ಡಬ್ಬಿಯನ್ನು ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಅದರ ಮುಚ್ಚಳದ ಮೇಲೆ ಬೆರಳಾಡಿಸಿದರು. ಮುಂದೆ ಬರುವ ದಿನಗಳಿಗಾಗಿ ಅವರು ಹೀಗೆ ಅಭ್ಯಾಸ ಮಾಡುತ್ತಿರುವುದನ್ನು ನಾನು ಊರಿನಲ್ಲಿಯೂ ಕಂಡಿದ್ದೆನು. ಮತ್ತೊಮ್ಮೆ ಆಡಿಸಿದರು. “ಹೂವು ಬೆರಳಿಗೆ ಹತ್ತವಲ್ಲದು” ಎಂದರು. ಅವರ ಸಂಗತಿಯನ್ನರಿಯದ ಕುಶಲಿಯು ಅಭಿಮಾನದಿಂದ, “ಬೆರಳಿಗೆ ಹತ್ತಿದರೆ ಅದು ಕೆಟ್ಟ ಕೆಲಸ, ಸಾಹೇಬರೇ. ನಮ್ಮ ಅಜ್ಜ ಅಂಥದ್ದನ್ನು ಮತ್ತೆ ಕರಗಿಸಲು ಹೇಳುತ್ತಿದ್ದರು” ಎಂದನು. ನಾವು ಮೂವರೂ ನೆಲ ನೋಡಿದೆವು. ಮಾಸ್ತರರು ಕಣ್ಣು ತೆರೆದು, ಡಬ್ಬಿಯನ್ನು ಮುಖದ ಸಮೀಪಕ್ಕೆ ತಂದು, ಪ್ರತಿಯೊಂದು ಎಸಳನ್ನೂ ಎಣಿಸಿದರು. ಎಣಿಸಿ, ಚೌಕಾಶಿಯಿಲ್ಲದೆ ಹಣ ಕೊಟ್ಟರು. ಇಪ್ಪತ್ತೆಂಟು ವರ್ಷ ಅವರನ್ನು ಬಲ್ಲ ನಾನು, ಚೌಕಾಶಿ ಮಾಡದೆ ಅವರು ಏನನ್ನಾದರೂ ಕೊಂಡದ್ದನ್ನು ಆ ದಿನವೇ ಕಂಡೆನು.

ಮರಳುವಾಗ ಹುಮನಾಬಾದ ಮಾರ್ಗದ ಬಸ್ಸು. ಕತ್ತಲಾಗಿತ್ತು, ಅವರು ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ನನ್ನ ಪಕ್ಕದಲ್ಲಿ ಕುಳಿತಿದ್ದರು. “ಬರುವ ಹೋಳಿಯಾದ ಮೇಲೆ ಮಾಡಿಯಾಳದವರ ಸಂಗಡ ಅಷ್ಟೂರಿಗೆ ನಡಕೊಂಡು ಬರೋಣೇನ್ರಿ?” ಎಂದು ಕೇಳಿದರು.

“ನೋಡೋಣ” ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿ, ಮುಂದಿನ ಆಸನದಲ್ಲಿ ತೂಕಡಿಸುತ್ತಿದ್ದ ಬ್ಯಾಂಕಿನವರನ್ನು ಎಬ್ಬಿಸಿ, 2026ರ ಹೋಳಿ ಯಾವ ದಿನವೆಂದು ಅವರ ಫೋನಿನಲ್ಲಿ ನೋಡಿಸಿದೆನು. ಮಾರ್ಚಿ ತಿಂಗಳ ಮೊದಲ ವಾರ. ಚೀಟಿಯೊಂದರಲ್ಲಿ ಬರೆದು ಮಾಸ್ತರರ ಕೈಗಿತ್ತೆನು. ಅವರು ಅದನ್ನು ಮಡಿಸಿ ಡಬ್ಬಿಯೊಳಗಿಟ್ಟರು.