ಕನ್ಯಾಕುಮಾರಿಯ ದಾರಿಯಲ್ಲಿ ರಾತ್ರಿಗೊಂದು ಊರು

ಶಾಲೆಗೆ ಕ್ರಿಸ್‌ಮಸ್ ರಜೆ, ಅಪ್ಪನ ಖಾತೆಯಲ್ಲಿ ಉಳಿದಿರುವ ನಾಲ್ಕೈದು ಸಿಎಲ್. ಇವೆರಡೂ ಕೂಡಿಬಂದರೆ ಬೆಂಗಳೂರಿನ ಅನೇಕ ಮನೆಗಳಲ್ಲಿ ಕನ್ಯಾಕುಮಾರಿಯ ಮಾತು ಏಳುತ್ತದೆ. ದೂರ ಸುಮಾರು 680 ಕಿಲೋಮೀಟರು. ‘ಬೆಳಗಿನ ಜಾವ ನಾಲ್ಕಕ್ಕೆ ಬಿಟ್ಟರೆ ಕತ್ತಲಾಗುವುದರೊಳಗೆ ಸಮುದ್ರ’ ಎಂದು ಮನೆಯಲ್ಲಿ ಯಾರಾದರೊಬ್ಬರು ಲೆಕ್ಕ ಒಪ್ಪಿಸುತ್ತಾರೆ. ಲೆಕ್ಕ ತಪ್ಪೇನಲ್ಲ, ಹೆದ್ದಾರಿ ಅಷ್ಟು ಚೆನ್ನಾಗಿದೆ. ಆದರೆ ಆ ಲೆಕ್ಕದಲ್ಲಿ ಸ್ಟೀರಿಂಗ್ ಹಿಡಿದವನ ಕಣ್ಣು, ಸೊಂಟ ಸೇರಿರುವುದಿಲ್ಲ. ಹಿಂದಿನ ಸೀಟಿನಲ್ಲಿ ಮಕ್ಕಳು ನಿದ್ದೆ ಹೋಗಿರುತ್ತಾರೆ. ಪಕ್ಕದಲ್ಲಿ ಕುಳಿತ ಅಮ್ಮನೇ ಗಂಟೆಗೊಮ್ಮೆ ‘ಸಾಕು, ಎಲ್ಲಾದರೂ ನಿಲ್ಲಿಸಿ’ ಎನ್ನುವುದು.

ಆ ‘ಎಲ್ಲಾದರೂ’ ಎಂಬುದನ್ನು ಹೊರಡುವ ಮೊದಲೇ ತೀರ್ಮಾನಿಸುವುದು ಒಳ್ಳೆಯದು. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,000ಕ್ಕೂ ಹೆಚ್ಚು ಜನ ಸತ್ತರು. ಕನ್ಯಾಕುಮಾರಿಯ ದಾರಿಯಲ್ಲಿಯೇ ಧರ್ಮಪುರಿ ದಾಟಿದ ಮೇಲೆ ಸಿಗುವ ತೊಪ್ಪೂರು ಘಟ್ಟ ಅಪಘಾತಗಳಿಗೆ ಕುಖ್ಯಾತ. ದಕ್ಷಿಣಕ್ಕೆ ಹೋಗುವವರಿಗೆ ಅದು ಇಳಿಜಾರು. ಭಾರದ ಲಾರಿಗಳು ಮುಂದೆಯೂ ಹಿಂದೆಯೂ ಇರುತ್ತವೆ. ಅಲ್ಲಿ ಹಗಲಿನಲ್ಲಿ, ಗೇರ್‌ನಲ್ಲಿಯೇ ಇಳಿಯಬೇಕು. ಡಿಸೆಂಬರಿನಲ್ಲಿ ಸೂರ್ಯ ಆರು ಗಂಟೆಯ ಹೊತ್ತಿಗೆ ಮುಳುಗುವುದರಿಂದ ತಂಗುವ ಊರನ್ನು ಸಂಜೆ ನಾಲ್ಕಕ್ಕೆ ತಲುಪುವಂತಿರಬೇಕು. ಅಲ್ಲಿ ಕಾರು ನಿಲ್ಲಿಸಿ, ಕೈಕಾಲು ತೊಳೆದು, ನಡೆದೇ ಹೋಗಿ ನೋಡುವಂಥದ್ದು ಒಂದಾದರೂ ಇರಬೇಕು. ಕಾರಿನಲ್ಲಿ ಕುಳಿತು ಬೇಸತ್ತ ಮಕ್ಕಳನ್ನು ಮತ್ತೆ ಕಾರಿಗೆ ಹತ್ತಿಸಿ ಊರು ಸುತ್ತಿಸುವುದು ಶಿಕ್ಷೆಯೇ ಸರಿ.

ಈ ಎರಡು ಅಳತೆಗೋಲು ಹಿಡಿದರೆ ಮೊದಲ ರಾತ್ರಿಗೆ ನಾಮಕ್ಕಲ್ ಒಪ್ಪುತ್ತದೆ. ಬೆಂಗಳೂರಿನಿಂದ ಸುಮಾರು 250 ಕಿಲೋಮೀಟರು. ‘ಇಷ್ಟಕ್ಕೇ ನಿಲ್ಲುವುದೇ?’ ಎಂದು ಮೂಗು ಮುರಿಯುವವರಿದ್ದಾರೆ. ಮುರಿಯಲಿ. ಮನೆಯಲ್ಲಿ ತಿಂಡಿ ಮುಗಿಸಿ ನಿಧಾನವಾಗಿ ಹೊರಟರೂ ಮಧ್ಯಾಹ್ನದ ಊಟ ಅಲ್ಲಿಯೇ ಆಗುತ್ತದೆ. ಊರಿನ ನಡುವೆ ಒಂದೇ ಬಂಡೆಯ ಗುಡ್ಡ, ನೆತ್ತಿಯ ಮೇಲೆ ಕೋಟೆ. ಬಂಡೆಯಲ್ಲಿ ಕಡಿದ ಮೆಟ್ಟಿಲುಗಳನ್ನು ಹತ್ತಲು ಹತ್ತು ವರ್ಷದ ಹುಡುಗನಿಗೆ ಯಾರ ಕೈಯೂ ಬೇಕಿಲ್ಲ. ಗುಡ್ಡದ ಬುಡದಲ್ಲಿ ಬಂಡೆಯನ್ನೇ ಕೊರೆದು ಮಾಡಿದ ನರಸಿಂಹ ಮತ್ತು ರಂಗನಾಥರ ಗುಡಿಗಳಿವೆ. ನರಸಿಂಹನಿಗೆ ಎದುರಾಗಿ 18 ಅಡಿ ಎತ್ತರದ ಆಂಜನೇಯ ಕೈಮುಗಿದು ನಿಂತಿದ್ದಾನೆ. ಅವನ ತಲೆಯ ಮೇಲೆ ಸೂರಿಲ್ಲ, ಬಿಸಿಲು ಮಳೆ ಎಲ್ಲವೂ ನೇರ.

ಗಣಿತ ಕಂಡರೆ ಹೆದರುವ ಮಕ್ಕಳನ್ನು ಇಲ್ಲಿಗೆ ಕರೆತರಲು ಇನ್ನೊಂದು ಕಾರಣವಿದೆ. ಈ ಊರಿನ ನಾಮಗಿರಿ ಅಮ್ಮನವರು ಶ್ರೀನಿವಾಸ ರಾಮಾನುಜನ್ ಅವರ ಮನೆದೇವರು. ತನ್ನ ಸೂತ್ರಗಳನ್ನು ದೇವಿ ಕನಸಿನಲ್ಲಿ ತೋರಿಸುತ್ತಾಳೆಂದು ರಾಮಾನುಜನ್ ಹೇಳುತ್ತಿದ್ದರಂತೆ. ಸಮುದ್ರ ದಾಟುವುದು ಮಡಿವಂತರಿಗೆ ನಿಷಿದ್ಧವಾಗಿದ್ದ ಕಾಲ. ಕೇಂಬ್ರಿಜ್‌ಗೆ ಹೋಗಬೇಕೋ ಬೇಡವೋ ಎಂದು ತಿಳಿಯದೆ 1913ರ ಡಿಸೆಂಬರ್ ಕೊನೆಯಲ್ಲಿ ಅವರು ಇಲ್ಲಿಗೆ ಬಂದು, ದೇವಸ್ಥಾನದ ಆವರಣದಲ್ಲಿ ಮೂರು ರಾತ್ರಿ ಮಲಗಿದ್ದರೆಂದು ಜೀವನಚರಿತ್ರೆಯಲ್ಲಿದೆ. 1914ರ ಮಾರ್ಚಿನಲ್ಲಿ ಹಡಗು ಹತ್ತಿದರು. ಅವರು ಹುಟ್ಟಿದ ಡಿಸೆಂಬರ್ 22 ಈಗ ರಾಷ್ಟ್ರೀಯ ಗಣಿತ ದಿನ. ರಜೆಯ ಪ್ರವಾಸಕ್ಕೆ ಹತ್ತಿರದ ತಾರೀಖು. ಗಣಿತ ಬೇಡವೆನ್ನುವವರು ಊರ ಹೊರಗೆ ಲಾರಿಗೆ ಬಾಡಿ ಕಟ್ಟುವ ಶೆಡ್‌ಗಳ ಮುಂದೆ ನಿಲ್ಲಬಹುದು. ಬರೀ ಚಾಸಿಸ್ ಆಗಿ ಬಂದ ಗಾಡಿ ಮರ, ಕಬ್ಬಿಣ, ಬಣ್ಣ ಕಂಡು ಲಾರಿಯಾಗುವುದು ಇಲ್ಲಿಯೇ. ಮೊಟ್ಟೆ ವ್ಯಾಪಾರಕ್ಕೂ ನಾಮಕ್ಕಲ್ಲೇ ದೊಡ್ಡ ಹೆಸರು.

ಬೆಳಿಗ್ಗೆ ಹೊರಡಲು ತಡವಾದವರು, ಅಥವಾ ಇನ್ನಷ್ಟು ದೂರ ಹೋಗಿಯೇ ತೀರುವೆವೆನ್ನುವವರು ದಿಂಡಿಗಲ್‌ನಲ್ಲಿ ನಿಲ್ಲಬಹುದು. ತಮಿಳಿನಲ್ಲಿ ‘ತಿಂಡು’ ಎಂದರೆ ದಿಂಬು, ‘ಕಲ್’ ನಮ್ಮ ಕಲ್ಲೇ. ದಿಂಬಿನಂತೆ ಮಲಗಿದ ಬಂಡೆಯಿಂದಲೇ ಊರಿಗೆ ಆ ಹೆಸರು. ಪಠ್ಯಪುಸ್ತಕದಲ್ಲಿ ಶ್ರೀರಂಗಪಟ್ಟಣದ ಪಾಠ ಓದಿದವರಿಗೆ ಈ ಕೋಟೆ ದೂರದ್ದಲ್ಲ. 1755ರಲ್ಲಿ ಹೈದರಾಲಿ ಮೈಸೂರಿನ ಫೌಜುದಾರನಾಗಿ ಬಂದು ಬಲ ಬೆಳೆಸಿಕೊಂಡದ್ದು ಇಲ್ಲಿ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಕಳೆದುಕೊಂಡ ಸೀಮೆಗಳಲ್ಲಿ ಇದೂ ಒಂದು. ಸಂಜೆಯಾದರೆ ಬಾಗಿಲು ಹಾಕುತ್ತಾರೆ, ಅದಕ್ಕೆ ಮೊದಲೇ ಹತ್ತಬೇಕು. ಕೆಳಗಿಳಿದ ಮೇಲೆ ಕೈಯಿಂದಲೇ ಮಾಡುವ ದಿಂಡಿಗಲ್ ಬೀಗವೊಂದನ್ನು ಕೊಂಡರೆ ಮನೆಗೂ ಆಯಿತು, ನೆನಪಿಗೂ ಆಯಿತು. 2019ರಲ್ಲಿ ಈ ಬೀಗಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದೆ. ಭಾಷೆಯ ಅಂಜಿಕೆಯೂ ಬೇಡ. ಸೇಲಂ, ಅರುಪ್ಪುಕೋಟೆಗಳಲ್ಲಿ ಮನೆಯೊಳಗೆ ಇಂದಿಗೂ ಕನ್ನಡವನ್ನೇ ಆಡುವ ದೇವಾಂಗ ನೇಕಾರರ ಕುಟುಂಬಗಳಿವೆ.

ಮಧುರೆಯನ್ನು ಬಿಡುವುದೇ ಎಂದು ಅಜ್ಜಿಯಂದಿರು ಕೇಳದಿರುವುದಿಲ್ಲ. ಮೀನಾಕ್ಷಿಯ ದರ್ಶನ ಆಗಲೇಬೇಕು. ಆದರೆ ಇದು ಶಬರಿಮಲೆ ಯಾತ್ರೆಯ ಕಾಲ. ಮಾಲೆ ಹಾಕಿದ ಭಕ್ತರಿಂದ ಊರು ಗಿಜಿಗುಟ್ಟುತ್ತಿರುತ್ತದೆ. ಬೆಳಗಿನಲ್ಲಿ ದರ್ಶನ ಮುಗಿಸಿ ರಾತ್ರಿಯ ನಿದ್ದೆಗೆ ಮುಂದಿನ ಊರು ನೋಡುವುದು ಮೇಲು.

ಆ ಮುಂದಿನ ಊರು, ಹೆದ್ದಾರಿ ಬಿಟ್ಟು ಕೊಂಚ ಪಶ್ಚಿಮಕ್ಕೆ, ಮಧುರೆಯಿಂದ ಸುಮಾರು 75 ಕಿಲೋಮೀಟರು ದೂರದ ಶ್ರೀವಿಲ್ಲಿಪುತ್ತೂರು. ಇಡೀ ಪ್ರಯಾಣದಲ್ಲಿ ಒಂದೇ ಊರಿನಲ್ಲಿ ತಂಗಲು ಸಾಧ್ಯವೆಂದರೆ ಇಲ್ಲೇ ತಂಗಬೇಕು, ಅದೂ ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿಯ ಒಳಗೆ. ಇದು ಆಂಡಾಳ್ ಹುಟ್ಟಿದ ಊರು. ಅವಳ ಮೂವತ್ತು ಪಾಶುರಗಳ ತಿರುಪ್ಪಾವೈಯನ್ನು ದಿನಕ್ಕೊಂದರಂತೆ ಹಾಡುವ ತಿಂಗಳೇ ಮಾರ್ಗಳಿ, ನಮ್ಮ ಧನುರ್ಮಾಸ. ಬೆಳಗಿನ ಜಾವ ಹುಗ್ಗಿಯ ನೈವೇದ್ಯ ಮಾಡುವ ಮನೆಗಳಿಂದ ಬಂದವರಿಗೆ ಈ ಊರು ಪರಕೀಯವೆನಿಸದು. ಒಂದು ದಿನದ ಮಟ್ಟಿಗೆ ಮಕ್ಕಳನ್ನು ಐದಕ್ಕೇ ಎಬ್ಬಿಸಬೇಕು. ಶಾಲೆಗೆ ಏಳದವರು ಇದಕ್ಕೆ ಏಳುತ್ತಾರೆ. ಕತ್ತಲಿನಲ್ಲಿಯೇ ಹೆಂಗಸರು ಅಂಗಳಕ್ಕೆ ನೀರು ಚಿಮುಕಿಸಿ ಬೀದಿಯ ಅಗಲಕ್ಕೂ ಕೋಲ ಬಿಡಿಸುತ್ತಿರುತ್ತಾರೆ. ಕಾಲಿಡಲು ಜಾಗ ಹುಡುಕಬೇಕು. ಬೆಳಕು ಹರಿದಂತೆ ಹನ್ನೊಂದು ಅಂತಸ್ತಿನ ಗೋಪುರ ಮೆಲ್ಲಗೆ ಕಾಣಿಸಿಕೊಳ್ಳುತ್ತದೆ. ಹಿಂದೆ ಪಶ್ಚಿಮಘಟ್ಟದ ಸಾಲು. ಪಾಲ್‌ಕೋವಾ ಅಂಗಡಿಗಳಲ್ಲಿ ಕಟ್ಟಿಸಿಕೊಂಡರೆ ಮುಂದಿನ ಅರ್ಧ ದಿನದ ದಾರಿಗೆ ಬೇರೆ ತಿಂಡಿ ಬೇಕಿಲ್ಲ.

ಚಳಿಗಾಲವೆಂದ ಮಾತ್ರಕ್ಕೆ ಮಳೆ ಇಲ್ಲವೆಂದು ತಿಳಿಯಬಾರದು. ತಮಿಳುನಾಡಿಗೆ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಈಶಾನ್ಯ ಮಾರುತದ ಮಳೆಗಾಲ. 2023ರ ಡಿಸೆಂಬರ್ 17 ಮತ್ತು 18ರಂದು ಕಾಯಲ್‌ಪಟ್ಟಣದಲ್ಲಿ ಒಂದೇ ದಿನದೊಳಗೆ 95 ಸೆಂಟಿಮೀಟರು ಮಳೆ ಸುರಿದು, ತಾಮ್ರಪರ್ಣಿ ಉಕ್ಕಿ, ತಿರುನಲ್ವೇಲಿ, ತೂತ್ತುಕುಡಿ ಜಿಲ್ಲೆಗಳು ಮುಳುಗಿದವು. ಶ್ರೀವೈಕುಂಠಂನಲ್ಲಿ ರೈಲೊಂದು ನೂರಾರು ಪ್ರಯಾಣಿಕರೊಂದಿಗೆ ಸಿಕ್ಕಿಕೊಂಡಿತ್ತು. ಹವಾಮಾನ ಇಲಾಖೆಯ ಎಚ್ಚರಿಕೆ ಇದ್ದರೆ ಇನ್ನೊಂದು ದಿನ ಶ್ರೀವಿಲ್ಲಿಪುತ್ತೂರಿನಲ್ಲಿಯೇ ಉಳಿಯುವಂತೆ ಒಂದು ದಿನವನ್ನು ಕೈಯಲ್ಲಿಟ್ಟುಕೊಂಡು ಹೊರಡಬೇಕು. ಕಾದಿರಿಸಿದ ಹೋಟೆಲಿನ ದುಡ್ಡು ಹೋದರೆ ಹೋಗಲಿ.

ಹೊರಡುವ ವಾರಕ್ಕೂ ಲೆಕ್ಕವಿದೆ. ಕನ್ಯಾಕುಮಾರಿಯಿಂದ ಸುಮಾರು 35 ಕಿಲೋಮೀಟರು ದೂರದಲ್ಲಿ, ತಮಿಳುನಾಡಿನ ನೆಲದಲ್ಲಿದ್ದೂ ಕೇರಳ ಸರ್ಕಾರ ನೋಡಿಕೊಳ್ಳುವ ಪದ್ಮನಾಭಪುರದ ಮರದ ಅರಮನೆಗೆ ಸೋಮವಾರ ರಜೆ. ಎರಡು ರಾತ್ರಿ ತಂಗಿ ಹೋಗುವವರು ಶುಕ್ರವಾರ ಹೊರಟರೆ ಭಾನುವಾರ ಕನ್ಯಾಕುಮಾರಿ, ಮರುದಿನ ಅರಮನೆಯ ಮುಚ್ಚಿದ ಬಾಗಿಲು. ಶನಿವಾರ ಹೊರಟರೆ ಸೋಮವಾರ ಸಮುದ್ರ ನೋಡಿ, ಮಂಗಳವಾರ ಬೆಳಿಗ್ಗೆ ಅರಮನೆ ನೋಡಬಹುದು.